ವಿಭೂತಿ ಬಳಿದ ಪಿಕಪ್

ನಮ್ಮತ್ತೆಗೆ ಮೂಗಿನ ಎರಡೂ ಕಡೆ ಕೆಂಪು ಹರಳಿನ ಮೂಗುಬೊಟ್ಟು. ಏನನ್ನಾದರೂ ಮೂಸುವಾಗ ಹೊಳ್ಳೆಗಳು ಅರಳಿ ಆ ಹರಳುಗಳು ಸಣ್ಣಗೆ ನಡುಗುತ್ತಿದ್ದವು. ಸಾರು ಹಳಸಿದ್ದು, ರೇಷ್ಮೆ ಹುಳುವಿಗೆ ರೋಗ ತಗುಲಿದ್ದು, ಮಗ ಕದ್ದು ಬೀಡಿ ಸೇದಿದ್ದು, ಯಾವುದೂ ಆ ಮೂಗಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರೆದುರು ನಿಲ್ಲಲೂ ನನಗೆ ಭಯ.

ಅವರ ತವರು ಗೌನಿಪಲ್ಲಿ ಕಡೆ. ಬೈಯಲು ಕನ್ನಡ, ಮುದ್ದಿಗೂ ದೇವರಿಗೂ ತೆಲುಗು. ನಾನು ಟೇಕಲ್‌ನವಳು, ತೆಲುಗು ಅರ್ಥವಾದರೂ ನಾಲಿಗೆ ಹೊರಳುತ್ತಿರಲಿಲ್ಲ. "ಇಷ್ಟು ವರ್ಷ ಆಯ್ತು, ಒಂದ್ ಮಾತು ಕಲ್ತವ್ಳಾ ನೋಡಿ ಈಯಮ್ಮ!" ಎಂದು ಬಂದವರ ಮುಂದೆಲ್ಲ ರೇಗಿಸುತ್ತಿದ್ದರು.

ಟೊಮೆಟೊ ಮಂಡಿಗೆ ಸಾಗಿಸಲೆಂದು ನಮ್ಮ ಯಜಮಾನರು ಗಡಿಯಾಚೆಯಿಂದ ಒಂದು ಹಳೆಯ ಪೆಟ್ರೋಲ್ ಪಿಕಪ್ ತಂದರು. ತಂದಾಗಿನಿಂದ ಒಳಗೆ ಪೆಟ್ರೋಲ್ ವಾಸನೆ. ಒಂದು ದಿನ ಬರುತ್ತಿತ್ತು, ಒಂದು ದಿನ ಇಲ್ಲ. ಮುಳಬಾಗಿಲಿನ ಮೆಕ್ಯಾನಿಕ್ ಮುಂದೆ ನಿಲ್ಲಿಸಿದರಂತೂ ಮಾಯ. "ಏನೂ ಇಲ್ಲಕ್ಕಾ, ನಿಮ್ಗೆ ಭ್ರಮೆ" ಅಂದ. ಊರಿನವರು ಬೇರೆಯೇ ಹೇಳಿದರು: ಗಾಡಿಯ ಹಳೆಯ ಯಜಮಾನ ಸ್ಟೇರಿಂಗ್ ಹಿಡಿದೇ ಪ್ರಾಣ ಬಿಟ್ಟನಂತೆ, ಅವನಿನ್ನೂ ಇಳಿದಿಲ್ಲವಂತೆ. ನಾನು ಹೆದರಿ, ಗಾಡಿಯೊಳಗೆ ದಿನಾ ಹಚ್ಚುವ ಊದುಬತ್ತಿಯ ಜೊತೆ ಇನ್ನಷ್ಟು ಹಚ್ಚತೊಡಗಿದೆ. ವಾಸನೆ ಅಡಗಿತು.

ಒಂದು ಬೆಳಿಗ್ಗೆ ಕುರುಡುಮಲೆ ಗಣಪನಿಗೆ ಕೈಮುಗಿದು, ಟ್ಯಾಂಕ್ ತುಂಬಿಸಿಕೊಂಡು ವಾಪಸಾಗುತ್ತಿದ್ದೆವು. ಹೊರಗೆ ಮಂಜು, ಕಿಟಕಿಗಳು ಮುಚ್ಚಿದ್ದವು. ನನ್ನ ಮಡಿಲಲ್ಲಿ ಮಗಳ ತಲೆ ವಾಲಿತ್ತು. ನಿದ್ದೆ ಅಂದುಕೊಂಡೆ. ಅತ್ತೆ ತಟ್ಟನೆ ಮೂಗೆತ್ತಿದರು; ಉರಿಯುತ್ತಿದ್ದ ಊದುಬತ್ತಿ ಕಿತ್ತು ಹೊರಗೆಸೆದರು.

"ಕಿಟಕಿ ಇಳ್ಸೇ! ಮಗು ನಿದ್ದೆ ಮಾಡ್ತಿಲ್ಲ ಕಣೇ, ಪೆಟ್ರೋಲ್ ತಲೆಗೇರೈತೆ!"

ರಸ್ತೆ ಪಕ್ಕ ಗಾಳಿಗೆ ಹಿಡಿದಾಗ ಮಗಳು ವಾಂತಿ ಮಾಡಿಕೊಂಡು, ಆಮೇಲೆ ಕಣ್ಣು ಬಿಟ್ಟಳು.

ಮಾರನೆಯ ದಿನ ಅತ್ತೆ ಟ್ಯಾಂಕ್ ಮತ್ತೆ ಭರ್ತಿ ಮಾಡಿಸಿದರು. "ತುಂಬ್ಸಿದ್ ದಿನಾನೇ ಬರೋದು ಅದು. ಗಮನಿಸಿದ್ಯಾ?" ಬಟ್ಟಲ ತುಂಬ ವಿಭೂತಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಕೆಳಗೆ ತೆವಳಿ, ಒಂದೊಂದೇ ಪೈಪಿಗೆ ಬಳಿದರು. ಗಾಡಿಯಡಿಯಿಂದ ಅವರ ದನಿ ಕೇಳುತ್ತಿತ್ತು. "ಎಕ್ಕಡುನ್ನಾವು ರಾ? ಎಕ್ಕಡುನ್ನಾವು?" ಎಲ್ಲಿದ್ದೀಯೋ ಎಂದು, ಬಚ್ಚಿಟ್ಟುಕೊಂಡ ಮಗುವನ್ನು ಕರೆಯುವ ಹಾಗೆ. ದೆವ್ವ ಬಿಡಿಸುತ್ತಿದ್ದಾರೆಂದು ಬೀದಿಯವರೆಲ್ಲ ಸೇರಿದರು.

ಅತ್ತೆ ಹೊರಬಂದ ಮೇಲೆ ಯಜಮಾನರು ಗಾಡಿಯನ್ನು ದಿಬ್ಬ ಹತ್ತಿಸಿ ಇಳಿಸಿ ತಂದರು. ಎಲ್ಲ ಪೈಪೂ ಬೆಳ್ಳಗೇ ಇದ್ದವು. ಸೀಟಿನ ಹಿಂದೆ, ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಇಳಿಯುವ ಪೈಪಿನ ಮೇಲೆ ಮಾತ್ರ ವಿಭೂತಿ ಒದ್ದೆಯಾಗಿ ಕಪ್ಪಗಿತ್ತು. ಕೂದಲೆಳೆಯಷ್ಟು ಸೀಳು. ಮೆಕ್ಯಾನಿಕ್ ಹೊಸ ಪೈಪ್ ಹಾಕಿದ.

"ಹಂಗಾದ್ರೆ ಆ ಸತ್ತೋನು?" ಎಂದು ಕೇಳಿದೆ.

"ಇದ್ರೆ ಇರ್ಲಿ ಬಿಡೇ, ಕೂತ್ಕಂಡ್ ಬರ್ಲಿ ಪಾಪ. ವಾಸ್ನೆ ಅವನ್ದಲ್ಲ."

ಅಂದಿನಿಂದ ಅತ್ತೆ ಆ ಗಾಡಿಯೊಳಗೆ ಊದುಬತ್ತಿ ಹಚ್ಚಲು ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ, ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ಹಾಗೇ ಒರಗಿದರು. ಮನೆ ಬರಿದಾಯಿತು. ಅವರ ವಿಭೂತಿ ಬಟ್ಟಲನ್ನು ತೊಳೆದು ಅಟ್ಟಕ್ಕಿಟ್ಟೆ.

ಆಯುಧಪೂಜೆ ಬಂತು. ಹಿಂದಿನ ದಿನವಷ್ಟೇ ಯಜಮಾನರು ಟ್ಯಾಂಕ್ ತುಂಬಿಸಿದ್ದರು. ಗಾಡಿ ತೊಳೆದು ಚೆಂಡುಹೂವು ಕಟ್ಟಿದ್ದೆವು. ಆ ಹೂವಿನ ಘಾಟು ಬಿಟ್ಟರೆ ಬೇರೇನೂ ಮೂಗಿಗೆ ಬರುತ್ತಿರಲಿಲ್ಲ. ಮಗಳು ಆಗಲೇ ಒಳಗೆ ಹತ್ತಿ ಕೂತಿದ್ದಳು. ಚಕ್ರದ ಬಳಿ ಬೂದುಗುಂಬಳದ ಮೇಲೆ ಕರ್ಪೂರ ಇಟ್ಟು ಕಡ್ಡಿಪೆಟ್ಟಿಗೆ ತೆರೆದೆ.

"ಅಮ್ಮಾ, ಅಜ್ಜಿ ವಾಸ್ನೆ ಬರ್ತಿದೆ."

ನನಗೂ ಬಂತು. ವಿಭೂತಿ, ಈಗತಾನೇ ಯಾರೋ ಕೈಯಲ್ಲಿ ತಿಕ್ಕಿದ ಹಾಗೆ. ಕಡ್ಡಿ ಗೀರಲು ಕೈ ಏಳಲಿಲ್ಲ. ಬಗ್ಗಿ ನೋಡಿದರೆ ಹೊಸ ಪೈಪಿನ ಕ್ಲಿಪ್ ಸಡಿಲಾಗಿ, ಕರ್ಪೂರದ ಪಕ್ಕದ ನೆಲಕ್ಕೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

ಮಗಳನ್ನು ಎಳೆದು ಅಪ್ಪಿಕೊಂಡು ಜಗಲಿಗೆ ಬಂದು ಕೂತೆ. ಗಾಡಿಯ ಬಾಗಿಲು ತೆರೆದೇ ಇತ್ತು, ಅತ್ತೆ ಕೂರುತ್ತಿದ್ದ ಜಾಗ ಖಾಲಿ. ಅತ್ತುಬಿಟ್ಟೆ. ಅಷ್ಟು ವರ್ಷ ಹೊರಳದ ನಾಲಿಗೆ ತಾನಾಗಿ ಹೊರಳಿತು.

"ಎಕ್ಕಡುನ್ನಾವತ್ತಾ?"