ಅರ್ಧ ಹಾಡಿಗೆ ಬಂದ ಪ್ರಶಸ್ತಿ

ನಮ್ಮ ಕೊಬ್ಬರಿ ಕೊಟ್ಟಿಗೆಯ ಓಬಮ್ಮನ ಕಿವಿ ಬಲು ಚುರುಕು. ವರ್ಷವಿಡೀ ಒಣಗಿಸಿ ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು. ನೀರು ಕುಲುಕಿದರೆ ಎಳಸು. ಸದ್ದೇ ಇಲ್ಲದಿದ್ದರೆ ಇನ್ನೂ ಕರಟಕ್ಕೆ ಅಂಟಿಕೊಂಡಿದೆ. ಗಡಗಡ ಅಂದರೆ ಕೊಬ್ಬರಿ ಆಗಿದೆ. ಇಷ್ಟು ನಮ್ಮ ತುರುವೇಕೆರೆ ಕಡೆ ಯಾರಾದರೂ ಹೇಳುತ್ತಾರೆ. ಓಬಮ್ಮ ಮಾತ್ರ ಆ ಕಾಯಿ ಬಂದ ತೋಟದ ಯಜಮಾನ ಬೆಳಿಗ್ಗೆ ಹೆಂಡತಿ ಹತ್ತಿರ ಬೈಸಿಕೊಂಡನೋ ಇಲ್ಲವೋ ಎಂಬುದನ್ನೂ ಹೇಳಬಲ್ಲಳು. ಒಮ್ಮೆ ನನ್ನ ತಲೆಯನ್ನೇ ಹಿಡಿದು ಅಲ್ಲಾಡಿಸಿ, "ಯಜಮಾನ್ರೇ, ಇದ್ರಲ್ಲಿ ಇನ್ನೂ ನೀರೈತೆ" ಅಂದಳು. ನಂಬದಿದ್ದರೆ ಬಿಡಿ.

ಚಿಕ್ಕನಾಯಕನಹಳ್ಳಿ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ನಮ್ಮೂರಿಗೆ ಬಂದವಳು. ಮೂವತ್ತು ವರ್ಷದಿಂದ ಅವಳಿಗೂ ಭೈರಮ್ಮನಿಗೂ ಜೋಡಿ. ಭೈರಮ್ಮ ಸಿಪ್ಪೆ ಸುಲಿದು ಕಾಯಿ ಎಸೆಯಬೇಕು, ಓಬಮ್ಮ ಕರಟ ಒಡೆದು ಉಂಡೆ ಕೊಬ್ಬರಿಯನ್ನು ಪೆಟ್ಟಾಗದಂತೆ ತೆಗೆಯಬೇಕು. ಹಾಡೂ ಹಾಗೆಯೇ.

"ಮುಗಿಲಿನ ಕೆಳಗೆ ಬಿಂದಿಗೆ ಕಟ್ಟಿ ನೀರ್ ತುಂಬ್ದೋರ್ಯಾರೇ ಅಕ್ಕಯ್ಯ?" ಅಂತ ಓಬಮ್ಮ ಕೇಳಿದರೆ, "ನೆಲದೊಳ್ಗಿನ್ ಬೇರೇ ಹೊತ್ತದ್ದು ತಂಗ್ಯಮ್ಮ, ಮರ ಬರೀ ಏಣಿ ಕಣೇ" ಅಂತ ಭೈರಮ್ಮನ ಉತ್ತರ.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಹಾಡು ರೆಕಾರ್ಡ್ ಮಾಡುವವರು ಮೈಕು ಹೊತ್ತು ಬಂದರು. ಕತ್ತಿಯ ಟಕಟಕ ಸದ್ದಿನೊಂದಿಗೇ ಹಾಡನ್ನು ತುಂಬಿಕೊಂಡು, ಹಾಡಿದವರ ಹೆಸರು ಕೇಳಿದರು. ನಮ್ಮ ಕೊಟ್ಟಿಗೆಯಲ್ಲಿ ಕರಟ ಒಡೆಯುವವಳ ಹೆಸರಿನಿಂದಲೇ ಜೋಡಿಯನ್ನು ಕರೆಯುವುದು. "ಓಬಮ್ಮನ ಜೋಡಿ ಅಂತ ಬರ್ಕೊಳ್ಳಿ" ಅಂದೆ. ಅವರು ಓಬಮ್ಮನನ್ನು ಉಳಿಸಿಕೊಂಡು ಜೋಡಿಯನ್ನು ಬಿಟ್ಟರು.

ಹಾಡು ಹೊರಬಂದ ದಿನ ನನ್ನ ಮೊಮ್ಮಗಳು ಲಿಖಿತಾ ಫೋನಿನಲ್ಲಿ ತೋರಿಸಿದಳು. ಒಂದೇ ಹೆಸರು. ಭೈರಮ್ಮ ಎದ್ದು ಕೊಟ್ಟಿಗೆಯ ಆಚೆ ಮೂಲೆಗೆ ಹೋಗಿ ಕುಳಿತಳು.

"ಯಾಕಮ್ಮ, ನೀನೂ ಹಾಡಿದ್ದೀಯಲ್ಲ?" ಅಂದೆ.

"ಎಲ್ಲಿ ಹಾಡ್ದೆ? ಮಧ್ಯದಲ್ಲಿ ಕೆಮ್ಮಿರ್ಬೇಕು."

"ತಪ್ಪು ನಂದು ಕಣಮ್ಮ. ಹೆಸ್ರು ಹೇಳಿದ್ದು ನಾನು."

"ಸುಮ್ಕಿರಿ ಯಜಮಾನ್ರೇ. ನಿಮ್ ಬುರುಡೆ ಗೊತ್ತಿಲ್ವಾ ನಂಗೆ?"

ಜೀವಮಾನದಲ್ಲಿ ಒಂದು ನಿಜ ಹೇಳಿದೆ, ಅದೂ ಹೀಗಾಯಿತು. ಕೊಟ್ಟಿಗೆಯಲ್ಲಿ ಹಾಡು ನಿಂತಿತು. ಇಬ್ಬರೂ ಒಂದೊಂದು ಮೂಲೆಯಲ್ಲಿ ಒಂಟಿಯಾಗಿ ಸುಲಿದು ಒಡೆಯುತ್ತಿದ್ದರು. ಓಬಮ್ಮನ ಕೈಯಲ್ಲಿ ಮೊದಲ ಬಾರಿ ಕೊಬ್ಬರಿ ಚೂರಾಯಿತು.

ಅಷ್ಟರಲ್ಲಿ, ವರ್ಷಕ್ಕೊಮ್ಮೆ ಹಾಡಿನ ರೆಕಾರ್ಡುಗಳಿಗೆ ಪ್ರಶಸ್ತಿ ಕೊಡುವವರು ಜಾನಪದದಲ್ಲಿ ಈ ಹಾಡನ್ನೇ ಆರಿಸಿದರು.

"ನಾನೊಬ್ಳೇ ಹೋಗಾಕಿಲ್ಲ" ಅಂದಳು ಓಬಮ್ಮ.

"ಹೆಸ್ರಿರೋರು ಹೋಗ್ಲಿ ಬುಡಿ" ಅಂದಿತು ಆ ಮೂಲೆ.

ಕೊನೆಗೆ ಲಿಖಿತಾ ಬಲವಂತ ಮಾಡಿ ಓಬಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ಆ ಸಂಜೆ ನನ್ನ ಫೋನನ್ನು ಸಿಪ್ಪೆ ರಾಶಿಗೆ ಒರಗಿಸಿ ಎಲ್ಲರೂ ಸಮಾರಂಭದ ನೇರಪ್ರಸಾರ ನೋಡಲು ಕುಳಿತೆವು. ಭೈರಮ್ಮ ಮಾತ್ರ ಬೆನ್ನು ತಿರುಗಿಸಿ ಕಾಯಿ ಸುಲಿಯುತ್ತಿದ್ದಳು.

ಕಾಯಿಯಂತೆ ಗುಂಡಗಿದ್ದ ಪ್ರಶಸ್ತಿ ಕೈಗೆ ಬಂದದ್ದೇ ತಡ, ಓಬಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು! ಸಭೆಗೆ ಸಭೆಯೇ ನಕ್ಕಿತು. ಎರಡು ನುಡಿ ಹಾಡಿ ಅಂದರು. ಬಿಂದಿಗೆಗೆ ನೀರು ತುಂಬಿದವರು ಯಾರೆಂದು ಕೇಳಿ, ನಿಲ್ಲಿಸಿಬಿಟ್ಟಳು.

"ಮರೆತುಹೋಯ್ತಾ ಅಮ್ಮ?" ಅಂದಳು ನಿರೂಪಕಿ.

ಓಬಮ್ಮ ಇರು ಎನ್ನುವಂತೆ ಅಂಗೈ ತೋರಿಸಿ, ಬೆರಳಲ್ಲಿ ತಾಳ ಹಾಕುತ್ತಾ ನಿಂತಳು. ಆಗ ಇಲ್ಲಿ, ನನ್ನ ಹಿಂದಿನ ಮೂಲೆಯಿಂದ, "ನೆಲದೊಳ್ಗಿನ್ ಬೇರೇ ಹೊತ್ತದ್ದು ತಂಗ್ಯಮ್ಮ..." ಭೈರಮ್ಮ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಅದು ಮುಗಿಯುವುದಕ್ಕೂ ಅಲ್ಲಿ ಓಬಮ್ಮ ಮುಂದಿನ ಪ್ರಶ್ನೆ ಎತ್ತುವುದಕ್ಕೂ ಸರಿಹೋಯಿತು. ಬೆಂಗಳೂರಿನವರು ಅರ್ಧ ಹಾಡಿಗೇ ಚಪ್ಪಾಳೆ ತಟ್ಟಿದರು. ಪೂರ್ತಿ ಕೇಳಿದ್ದು ನಾವು ಏಳು ಜನ, ಒಂದು ಬೆಕ್ಕು. ಬೆಕ್ಕು ಅತ್ತಿತು ಅಂದರೆ ನೀವು ನಂಬುವುದಿಲ್ಲ.

ಮರುದಿನ ಓಬಮ್ಮ ಬಂದು ಪ್ರಶಸ್ತಿಯನ್ನು ಭೈರಮ್ಮನ ಮುಂದೆ ಇಟ್ಟಳು. ಭೈರಮ್ಮ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಸದ್ದೇ ಇಲ್ಲ. ಇನ್ನೂ ಅಂಟ್ಕೊಂಡೈತೆ."

"ನಂಗೂ ಅಂಗೇ ಅನ್ನಿಸ್ತು."

"ಅಟ್ಟಕ್ಕಾಕು. ಮುಂದಿನ್ ವರ್ಸ ನೋಡಾನ."

ಪ್ರಶಸ್ತಿ ಅಟ್ಟಕ್ಕೆ ಹೋಯಿತು. ಭೈರಮ್ಮ ಚಾಪೆ ಎಳೆದುಕೊಂಡು ಬಂದು ಹಳೆಯ ಜಾಗದಲ್ಲಿ ಕುಳಿತು, ಸುಲಿದ ಕಾಯೊಂದನ್ನು ಓಬಮ್ಮನ ಕಡೆ ಎಸೆದಳು.

"ನೆನ್ನೆ ಎರಡ್ನೇ ನುಡೀಲಿ ನನ್ ಉತ್ರಕ್ಕೆ ಜಾಗ ಸಾಲ್ದಂಗೆ ಬುಟ್ಟೆ ಕಣೇ."

"ನೀನೇ ರಾಗ ಎಳೀತೀಯ" ಅಂದಳು ಓಬಮ್ಮ, ಕತ್ತಿ ಎತ್ತಿಕೊಳ್ಳುತ್ತಾ.