ಪೊರೆ ದಾಟುವ ತನಕ

ಮಂಜೇಶ್ವರದ ಡಯಾಲಿಸಿಸ್ ಕೋಣೆಯಲ್ಲಿದ್ದ ಆ ನರ್ಸ್, ಸೂಜಿ ಚುಚ್ಚುವ ಮೊದಲು ಅಪ್ಪನ ಮುಂಗೈಯ ಉಬ್ಬಿದ ನರದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ಇನ್ನೆಷ್ಟು ಹೊತ್ತು ಎಂದರೆ ಒಂದೇ ಉತ್ತರ: "ದಾಟಲಿ ಮಾರಾಯ್ರೆ, ಅದರಷ್ಟಕ್ಕೆ ದಾಟಲಿ."

ಒಂದು ಮಧ್ಯಾಹ್ನ ವರ್ಕಾಡಿಯಿಂದ ಜೀಪಿನಲ್ಲಿ ಕರೆತಂದಾಗ ಅಪ್ಪನಿಗೆ ಕಾಲೆತ್ತಲು ಆಗುತ್ತಿರಲಿಲ್ಲ. ಇಸಿಜಿ ನೋಡಿದ ನರ್ಸ್ ಕೇಳಿದರು, "ಎಂತ ಕುಡಿದಿದ್ದಾರೆ?"

"ಬೊಂಡ," ಎಂದರು ಜತೆಗೆ ಬಂದಿದ್ದ ನೆರೆಮನೆಯ ಅಕ್ಕ. "ಸುಸ್ತು ಅಂತ ಹೇಳಿದ್ರು. ಎರಡು ಕೆತ್ತಿ ಕೊಟ್ಟೆ." ದಾರಿಗೆಂದು ಕೆತ್ತಿ ತಂದ ಇನ್ನೊಂದು ಎಳನೀರು ಅವರ ಕೈಯಲ್ಲೇ ಇತ್ತು.

ಕಿಡ್ನಿ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ವಿಷ, ಹೃದಯವನ್ನೇ ನಿಲ್ಲಿಸಬಲ್ಲದು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಯಂತ್ರ ಶುರುವಾಯಿತು. ಅದರೊಳಗಿನ ತೆಳು ಪೊರೆಯ ಈಚೆ ಅಪ್ಪನ ರಕ್ತ, ಆಚೆ ಹದವಾದ ದ್ರಾವಣ. ಹೆಚ್ಚಾದದ್ದು ತಾನಾಗಿಯೇ ಆಚೆ ಸರಿಯಬೇಕು, ಯಾರೂ ತಳ್ಳುವಂತಿಲ್ಲ. ನರ್ಸ್ ಕುಳಿತುಕೊಳ್ಳಲಿಲ್ಲ. ಅಂದು "ದಾಟಲಿ" ಎನ್ನಲೂ ಇಲ್ಲ.

ಕೊನೆಗೆ ಪರದೆಯ ಗೆರೆಗಳು ಲಯಕ್ಕೆ ಬಂದವು. ಅಪ್ಪ ಕಾಲು ಮಡಚಿದರು. ನರ್ಸ್ ಹೊರಗೆ ಬಂದರು. ಬೆಂಚಿನ ಮೇಲೆ ಅಕ್ಕ ಆ ಎಳನೀರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದರು.

"ಇಲ್ಲಿ ಕೊಡಿ ಅಕ್ಕ, ನನಗೆ ಬಾಯಾರಿಕೆ ಉಂಟು," ಎಂದವರೇ ನಿಂತಲ್ಲೇ ಅದನ್ನು ಪೂರ್ತಿ ಕುಡಿದರು.