ಡೆವನ್‌ಗೆ ಹೊರಡುವ ಮೊದಲು

ಆ ವರ್ಷ ನನ್ನ ಅಕ್ಕನಿಗೆ ಇಂಗ್ಲೆಂಡಿನ ಹುಚ್ಚು ಹಿಡಿದಿತ್ತು. ಅವಳಿದ್ದದ್ದು ಮೆಲ್ಬರ್ನ್‌ನಲ್ಲಿ, ನಾನು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ಭಾನುವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ತೇದಾರಿ ಧಾರಾವಾಹಿಯನ್ನು ಅವಳು ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಬಳ್ಳಿ ಹಬ್ಬಿದ ಕಲ್ಲಿನ ಮನೆಗಳು, ಪುಟ್ಟ ಚರ್ಚು, ಹಸಿರು ದಿಬ್ಬಗಳು, ವಾರಕ್ಕೊಂದು ಕೊಲೆ. ಮುಗಿದ ಕೂಡಲೇ ನನಗೆ ಫೋನ್. ಕೊಲೆ ಮಾಡಿದವರು ಯಾರೆಂದು ಹೇಳುವುದನ್ನು ಅವಳು ಮರೆಯುತ್ತಿದ್ದಳು. ಆ ಊರಿನ ಬೇಕರಿ ಹೇಗಿತ್ತು, ಕಿಟಕಿಯಲ್ಲಿ ಯಾವ ಬಣ್ಣದ ಹೂವಿತ್ತು ಎಂಬುದನ್ನು ಮಾತ್ರ ಬಿಡದೆ ವರ್ಣಿಸುತ್ತಿದ್ದಳು.

ನಾವಿಬ್ಬರೂ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಪಡೆದು ಕೆಲವೇ ತಿಂಗಳಾಗಿತ್ತು. ಇನ್ನು ಮುಂದೆ ಇಂಗ್ಲೆಂಡಿಗೆ ಹೋಗಲು ವೀಸಾದ ಕಾಟವಿಲ್ಲ ಎಂದು ಗೊತ್ತಾದ ದಿನವೇ ಅಕ್ಕ ತೀರ್ಮಾನ ಮಾಡಿಬಿಟ್ಟಿದ್ದಳು.

"ನಾವಿಬ್ರೇ ಹೋಗೋಣ ಕಣೇ. ಗಂಡಸರು, ಮಕ್ಕಳು ಯಾರೂ ಬೇಡ. ಒಂದು ವಾರ. ಕಾರ್ ರೆಂಟ್‌ಗೆ ತಗೊಂಡು ಹಳ್ಳಿ ಹಳ್ಳಿ ಸುತ್ತಿ, ಕೊನೆಗೆ ಸಮುದ್ರ ನೋಡ್ಕೊಂಡು ಬರೋಣ."

"ಕಾರ್ ಓಡ್ಸೋದು ಯಾರು?"

"ಇಬ್ರೂ. ಅಲ್ಲೂ ಎಡಗಡೆನೇ ಓಡ್ಸೋದು. ಇಡೀ ಇಂಗ್ಲೆಂಡ್ ನಮ್ಮ ವಿಕ್ಟೋರಿಯಾ ರಾಜ್ಯಕ್ಕಿಂತ ಚಿಕ್ಕದು. ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಸಂಜೆಗೆ ಆ ಕಡೆ ಸಮುದ್ರ."

ಮಾರನೆಯ ವಾರ ಅವಳು ಕಳಿಸಿದ ಇಮೇಲ್‌ನಲ್ಲಿ ಊರುಗಳ ದೊಡ್ಡ ಮೆರವಣಿಗೆಯೇ ಇತ್ತು. ಡೋವರ್, ಬ್ರೈಟನ್, ಕಾಟ್ಸ್‌ವೋಲ್ಡ್ಸ್, ಬಾತ್, ಡೆವನ್, ಕಾರ್ನ್‌ವಾಲ್, ದಾರಿಯಲ್ಲಿ ಒಂದಷ್ಟು ಕೋಟೆಗಳು. ಬೆಳಗಿನ ಕಾಫಿ ಒಂದು ಕಡೆ, ಊಟ ಇನ್ನೊಂದು ಕಡೆ, ರಾತ್ರಿ ಮತ್ತೊಂದು ಕಡೆ. ನನ್ನ ಗಂಡ ಅದನ್ನು ಓದಿ, "ನಿಮ್ಮಕ್ಕ ಇಂಗ್ಲೆಂಡ್ ನೋಡೋಕೆ ಹೋಗ್ತಿದಾರೋ, ಪೇಪರ್ ಹಾಕೋಕೋ?" ಎಂದರು.

ನಾನು ಕೆಲಸ ಮಾಡುತ್ತಿದ್ದ ಚೈಲ್ಡ್‌ಕೇರ್ ಸೆಂಟರ್‌ನಲ್ಲಿ ಡೆವನ್‌ನಿಂದ ಬಂದ ಸಹೋದ್ಯೋಗಿಯೊಬ್ಬಳಿದ್ದಳು. ನಮ್ಮ ಪ್ರವಾಸದ ಸುದ್ದಿ ಕೇಳಿ ಅವಳಿಗೆ ಖುಷಿಯೋ ಖುಷಿ. ಆದರೆ ಅವಳು ಕೇಳಿದ ಮೊದಲ ಪ್ರಶ್ನೆಯೇ, "ನಿನಗೆ ರಿವರ್ಸ್ ಚೆನ್ನಾಗಿ ಬರುತ್ತದಾ?" ಎಂದು. ಅವಳ ಊರಿನ ಕಡೆ ಹಳ್ಳಿರಸ್ತೆಗಳು ಒಂದೇ ಕಾರಿನಷ್ಟು ಅಗಲವಂತೆ. ಎರಡೂ ಬದಿಗೆ ಆಳೆತ್ತರದ ಬೇಲಿ. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು, ರಸ್ತೆ ಸ್ವಲ್ಪ ಅಗಲವಾಗುವ ಜಾಗದವರೆಗೂ ಹಿಂದಕ್ಕೆ ಹೋಗಲೇಬೇಕು.

ನನಗೆ ರಿವರ್ಸ್ ಬರುತ್ತಿತ್ತು, ಅಷ್ಟಕ್ಕಷ್ಟೇ. ಅಕ್ಕನದು ಇನ್ನೂ ದೊಡ್ಡ ಕಥೆ. ಲೈಸೆನ್ಸ್ ಸಿಕ್ಕ ದಿನದಿಂದ ಅವಳು ರಿವರ್ಸ್ ಗೇರ್ ಮುಟ್ಟುವುದನ್ನೇ ಆದಷ್ಟು ತಪ್ಪಿಸಿಕೊಂಡು ಬಂದಿದ್ದಳು. ಶಾಪಿಂಗ್ ಸೆಂಟರಿಗೆ ಹೋದರೆ, ಬರುವಾಗ ನೇರ ಮುಂದಕ್ಕೆ ಹೊರಡಬಹುದಾದ ಜಾಗ ಸಿಗುವವರೆಗೂ ಸುತ್ತು ಹಾಕುತ್ತಿದ್ದಳು. ಮನೆಯ ಡ್ರೈವ್‌ವೇಯಿಂದ ಪ್ರತಿದಿನ ಬೆಳಿಗ್ಗೆ ಕಾರು ಹೊರಗೆ ತೆಗೆದುಕೊಡುತ್ತಿದ್ದವರು ಭಾವ.

"ಅದೆಲ್ಲ ಅಲ್ಲಿಗೆ ಹೋದ್ಮೇಲೆ ನೋಡ್ಕೊಳೋಣ ಬಿಡೇ," ಎಂದಳು ಅಕ್ಕ.

"ಇಲ್ಲ. ಇಲ್ಲೇ ಒಂದ್ಸಲ ಓಡ್ಸಿ ನೋಡೋಣ," ಎಂದೆ ನಾನು.

ಅದಕ್ಕೊಂದು ನೆಪವೂ ಸಿಕ್ಕಿತು. ನಮ್ಮ ಹಳೆಯ ಕಾರನ್ನು ಭಾವ ತಮ್ಮ ಮಗಳ ಡ್ರೈವಿಂಗ್ ಕಲಿಕೆಗೆಂದು ತೆಗೆದುಕೊಳ್ಳುವವರಿದ್ದರು. ಅದನ್ನು ಮೆಲ್ಬರ್ನ್‌ಗೆ ತಲುಪಿಸಬೇಕಿತ್ತು. ಅಕ್ಕ ವಿಮಾನದಲ್ಲಿ ಸಿಡ್ನಿಗೆ ಬರುವುದು, ಇಬ್ಬರೂ ಅದೇ ಕಾರಿನಲ್ಲಿ ಕರಾವಳಿ ರಸ್ತೆ ಹಿಡಿದು ಮೆಲ್ಬರ್ನ್‌ಗೆ ಹೋಗುವುದು ಎಂದಾಯಿತು. ಇಂಗ್ಲೆಂಡಿಗೆ ಒಂದು ರಿಹರ್ಸಲ್.

ಜೂನ್‌ನ ರಜೆಗೆ ಅಕ್ಕ ಬಂದಳು. ಹೊರಡುವ ಹಿಂದಿನ ದಿನ ನನ್ನ ಗಂಡ ನಮ್ಮ ಬೀದಿಯ ಕೊನೆಯಲ್ಲಿ, ಅಕ್ಕಪಕ್ಕದವರ ಒಪ್ಪಿಗೆ ಪಡೆದು, ಎಲ್ಲರ ಕಸದ ಬಿನ್‌ಗಳನ್ನು ಎರಡು ಸಾಲಾಗಿ ನಿಲ್ಲಿಸಿದರು. ಅದು ಡೆವನ್‌ನ ಬೇಲಿ. ಅಕ್ಕ ಅವುಗಳ ನಡುವೆ ಹಿಂದಕ್ಕೆ ಹೊರಟು ಎಡಗಡೆಯ ಮೂರನ್ನು ಉರುಳಿಸಿದಳು. ಎದುರು ಮನೆಯ ಫಿಜಿ ಇಂಡಿಯನ್ ಆಂಟಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಬಿನ್ ಬಿದ್ದಾಗಲೆಲ್ಲ, "ಕೋಯಿ ಬಾತ್ ನಹೀ, ಬೇಟಿ!" ಎಂದು ಕೂಗುತ್ತಿದ್ದರು. ನನ್ನ ಮಗಳಂತೂ, "ದೊಡ್ಡಮ್ಮ, ಯೂ ಜಸ್ಟ್ ಕಿಲ್ಡ್ ಎ ಹೆಡ್ಜ್!" ಎಂದು ಕುಣಿದಾಡಿದಳು. ಅಕ್ಕ ಕಾರಿನಿಂದಿಳಿದು, "ಸಾಕು, ನಂಗೆ ಬಂತು," ಎಂದು ಒಳಗೆ ನಡೆದಳು.

ಮಾರನೆಯ ಬೆಳಿಗ್ಗೆ ಚಿತ್ರಾನ್ನ, ಚಪಾತಿ ರೋಲ್, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಟೆವು. ಊರು ದಾಟುವ ಮೊದಲೇ ಜಗಳ ಶುರುವಾಯಿತು. ಅಕ್ಕ ಈ ದಾರಿಗೂ ಇಂಗ್ಲೆಂಡಿನ ಹಾಗೆಯೇ ಒಂದು ವೇಳಾಪಟ್ಟಿ ಮಾಡಿಕೊಂಡು ಬಂದಿದ್ದಳು. ಒಂದು ಕಡೆ ಬೀಚು ಚೆನ್ನಾಗಿದೆ ಎಂದು ನಾನು ನಿಲ್ಲಿಸಿದರೆ ಅವಳು ಇಳಿಯದೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅವಳು ಹೇಳಿದ ಲೈಟ್‌ಹೌಸ್ ತಲುಪಿದರೆ ಅಲ್ಲಿ ಮಂಜು ಮುಸುಕಿ ಏನೂ ಕಾಣಿಸಲಿಲ್ಲ.

"ನೀನು ಆ ಬೀಚಲ್ಲಿ ನಿಲ್ಸದೆ ಇದ್ದಿದ್ರೆ ಬೇಗ ಬರ್ತಿದ್ವಿ," ಎಂದಳು.

"ಬೇಗ ಬಂದಿದ್ರೆ ಬೇಗ ಮಂಜು ನೋಡ್ತಿದ್ವಿ," ಎಂದೆ.



ಎರಡನೆಯ ದಿನ ಅಕ್ಕ ಸ್ಟಿಯರಿಂಗ್ ಹಿಡಿದಿದ್ದಳು. ಹಸುಗಳು ಮೇಯುವ ಹಸಿರು ದಿಬ್ಬಗಳ ಸೀಮೆ ಅದು. ಮುಂದೆ ಎಲ್ಲೋ ಬೀಚ್ ಇದೆ ಎಂಬ ಸಣ್ಣ ಬೋರ್ಡ್ ನೋಡಿ ಅವಳಾಗಿಯೇ ಹೆದ್ದಾರಿ ಬಿಟ್ಟು ಮಣ್ಣುರಸ್ತೆಗೆ ತಿರುಗಿಸಿದಳು. ಬಹುಶಃ ಹಿಂದಿನ ದಿನದ ಜಗಳಕ್ಕೆ ರಾಜಿಯೆಂದು. ಒಂದು ಕಡೆ ತಂತಿಬೇಲಿ, ಇನ್ನೊಂದು ಕಡೆ ನೀರು ಹರಿಯುವ ಚರಂಡಿ. ತಿರುವು ದಾಟುತ್ತಿದ್ದಂತೆ ಎದುರಿಗೆ ಹಾಲಿನ ಟ್ಯಾಂಕರ್ ಬಂದು ನಿಂತಿತು. ಮನೆಯಷ್ಟು ದೊಡ್ಡದು. ಅದು ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

ಅಕ್ಕ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕಲ್ಲಿನ ಹಾಗೆ ಕೂತುಬಿಟ್ಟಳು. "ಲೇ, ನೀನು ಬಾರೇ ಈ ಕಡೆ. ನೀನು ಓಡ್ಸು."

ನಾನು ಬಾಗಿಲು ತೆಗೆದು ಇಳಿದೆ. ಸೀಟು ಬದಲಾಯಿಸಲೆಂದೇ ಇಳಿದಿದ್ದೆ. ಆದರೆ ಅವಳ ಮುಖ ನೋಡಿದಾಗ, ಈಗ ನಾನು ಓಡಿಸಿದರೆ ಇವಳು ಇನ್ನೆಂದೂ ಓಡಿಸುವುದಿಲ್ಲ ಅನ್ನಿಸಿತು. ಕಾರಿನ ಹಿಂದಕ್ಕೆ ಹೋಗಿ ನಿಂತು ಡಿಕ್ಕಿಯ ಮೇಲೆ ಕೈಯಿಂದ ಬಡಿದು, ನಮ್ಮೂರಿನ ಲಾರಿ ಕ್ಲೀನರ್‌ಗಳ ಹಾಗೆ ಕೂಗಿದೆ: "ಬರ್ಲಿ, ಬರ್ಲಿ! ಸೀದಾ ಬರ್ಲಿ!"

"ನಿಂಗೇನು ಹುಚ್ಚೇನೇ?" ಎಂದು ಅವಳು ಕಿಟಕಿಯಿಂದ ಕಿರುಚಿದಳು.

"ಲೈಟಾಗಿ ಬಲಕ್ಕೆ! ಬರ್ಲಿ, ಬರ್ಲಿ!"

ಕಾರು ಅಲುಗಾಡಿತು. ಒಂದಡಿ, ಇನ್ನೊಂದಡಿ. ಚರಂಡಿಯ ಕಡೆ ವಾಲಿದಾಗ ನಾನು "ಹೋಲ್ಡಾನ್!" ಎಂದು ಬಡಿದೆ, ಅವಳು ನಿಲ್ಲಿಸಿ, ಸರಿಪಡಿಸಿಕೊಂಡು, ಮತ್ತೆ ಬಂದಳು. ಬೇಲಿಯ ಆಚೆ ಹಸುಗಳೆಲ್ಲ ತಲೆಯೆತ್ತಿ ನೋಡುತ್ತಿದ್ದವು. ಟ್ಯಾಂಕರಿನ ಡ್ರೈವರ್ ಎಂಜಿನ್ ಆರಿಸಿ, ಆರಾಮವಾಗಿ ಚಹಾ ಕುಡಿಯುತ್ತಾ ಕೂತಿದ್ದ. ತಿರುವಿನ ಹತ್ತಿರ ಬರುವಷ್ಟರಲ್ಲಿ ಕೂಗಿ ಕೂಗಿ ನನ್ನ ದನಿಯೇ ಹೊರಡದಾಯಿತು. ಅಷ್ಟು ಹೊತ್ತಿಗೆ ಅವಳಿಗೆ ನನ್ನ ಕೂಗು ಬೇಕಾಗಿರಲಿಲ್ಲ. ಕತ್ತು ಹೊರಳಿಸಿ, ನಾಲಿಗೆ ಕಚ್ಚಿಕೊಂಡು, ತಾನೇ ನೋಡಿಕೊಂಡು ತಿರುಗಿಸಿದಳು. ಒಂದು ಗೇಟಿನ ಮುಂದಿನ ಅಗಲ ಜಾಗಕ್ಕೆ ಕಾರು ಬಂದು ನಿಂತಾಗ ನಾನು ರಸ್ತೆಯಲ್ಲೇ ಚಪ್ಪಾಳೆ ತಟ್ಟಿದೆ. ಟ್ಯಾಂಕರ್ ನಿಧಾನವಾಗಿ ದಾಟಿತು. ಡ್ರೈವರ್ ಹೆಬ್ಬೆರಳೆತ್ತಿ, ಇವತ್ತು ಬೀಚಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಇಡೀ ಸಮುದ್ರ ನಿಮ್ಮದೇ ಎಂದು ಹೇಳಿ ಹೋದ.

ನಿಜವಾಗಿಯೂ ಯಾರೂ ಇರಲಿಲ್ಲ. ಎಳೆಬಿಸಿಲಿತ್ತು. ಮರಳಿನ ಮೇಲೆ ಚಾಪೆ ಹಾಸಿ, ಉಳಿದಿದ್ದ ಚಪಾತಿ ರೋಲ್ ತಿಂದೆವು. ಅಕ್ಕ ಕಾಲು ಚಾಚಿ, ರಿವರ್ಸ್ ತೆಗೆದದ್ದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಹೇಳಿದಾಗಲೆಲ್ಲ ರಸ್ತೆ ಇನ್ನಷ್ಟು ಕಿರಿದಾಗುತ್ತಿತ್ತು, ಟ್ಯಾಂಕರ್ ಇನ್ನಷ್ಟು ದೊಡ್ಡದಾಗುತ್ತಿತ್ತು. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಅಮ್ಮನ ಕೊನೆಯ ದಿನಗಳ ಬಗ್ಗೆ ನಾವಿಬ್ಬರೇ ಕೂತು ಮಾತಾಡಿದ್ದು ಅದೇ ಮೊದಲು. ಅಮ್ಮ ತೀರಿಕೊಂಡಾಗ ನಾವು ಬೇರೆ ಬೇರೆ ವಿಮಾನದಲ್ಲಿ ತುಮಕೂರಿಗೆ ಹೋಗಿ, ಬೇರೆ ಬೇರೆ ದಿನ ಹಿಂದಿರುಗಿದ್ದೆವು. ಮನೆ ತುಂಬ ಜನರಿದ್ದರು.

"ಅದಕ್ಕೇ ಕಣೇ ನಾವಿಬ್ರೇ ಹೋಗೋಣ ಅಂದಿದ್ದು," ಎಂದಳು ಅಕ್ಕ, ಮರಳನ್ನು ಬೆರಳಿನಿಂದ ಗೀರುತ್ತಾ. "ಮನೇಲಿ ಎಲ್ಲಿ ಪುರುಸೊತ್ತು?"

"ಮತ್ತೆ ದಿನಕ್ಕೆ ಮೂರೂರು ಸುತ್ತಿದ್ರೆ ಅಲ್ಲಿ ಮಾತ್ರ ಪುರುಸೊತ್ತೆಲ್ಲಿ?"

ಅವಳು ಚಾಪೆಯ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅಲ್ಲೇ ನಿದ್ದೆ ಹೋದಳು. ನಾನೂ ಎಬ್ಬಿಸಲಿಲ್ಲ. ಆ ದಿನ ನೋಡಬೇಕಾಗಿದ್ದ ಬೇರೆ ಯಾವುದನ್ನೂ ನಾವು ನೋಡಲಿಲ್ಲ.

ಮೆಲ್ಬರ್ನ್ ತಲುಪಿದಾಗ ಭಾವ ಬಾಗಿಲಲ್ಲೇ ನಿಂತಿದ್ದರು. ಅಕ್ಕ ಗೇಟಿನ ಮುಂದೆ ಕಾರು ತಿರುಗಿಸಿ, ಇಡೀ ಡ್ರೈವ್‌ವೇ ಹಿಂದಕ್ಕೇ ಬಂದು ನಿಲ್ಲಿಸಿದಳು. ಭಾವ ಕಾರಿನ ಸುತ್ತ ಒಂದು ಸುತ್ತು ಬಂದು ನೋಡಿದರು. "ನಾಳೆಯಿಂದ ನನ್ನ ಕೆಲಸ ಹೋಯ್ತು," ಎಂದರು ಕೊನೆಗೆ.

ಆ ಸಂಜೆಯೇ ಪ್ರವಾಸದ ಯೋಜನೆಯನ್ನು ಹೊಸದಾಗಿ ಮಾಡಿದೆವು. ಡೋವರ್ ಹೋಯಿತು, ಬ್ರೈಟನ್ ಹೋಯಿತು, ಕೋಟೆಗಳು ಹೋದವು. ಕಾರ್ನ್‌ವಾಲ್ ಬಿಡುವಾಗ ಮಾತ್ರ ಅಕ್ಕನ ಮುಖ ಸಣ್ಣದಾಯಿತು. ಉಳಿದದ್ದು ಕಾಟ್ಸ್‌ವೋಲ್ಡ್ಸ್‌ನ ಒಂದು ಹಳ್ಳಿಯಲ್ಲಿ ಎರಡು ರಾತ್ರಿ, ಆಮೇಲೆ ಡೆವನ್‌ನ ಸಮುದ್ರದ ಹತ್ತಿರ ಒಂದು ತೋಟದಮನೆಯಲ್ಲಿ ನಾಲ್ಕು ರಾತ್ರಿ. ಅಲ್ಲಿ ಆಗ ಬೆಳಿಗ್ಗೆ. ಅಕ್ಕ ಗಂಟಲು ಸರಿಪಡಿಸಿಕೊಂಡು, ಧಾರಾವಾಹಿಯವರ ಧಾಟಿಯ ಇಂಗ್ಲಿಷ್ ತಂದುಕೊಂಡು ಡೆವನ್‌ಗೆ ಫೋನ್ ಮಾಡಿದಳು. ನಾವೆಲ್ಲ ಸ್ಪೀಕರ್ ಸುತ್ತ ಕೂತೆವು.

ಮನೆಯೊಡತಿ ವಯಸ್ಸಾದವರಿರಬೇಕು, ಮೆತ್ತನೆಯ ದನಿ. ಸೆಪ್ಟೆಂಬರ್‌ನಲ್ಲಿ ರೂಮ್ ಇದೆ ಎಂದರು. ನಮ್ಮ ಉದ್ದುದ್ದ ಹೆಸರುಗಳನ್ನು ಅಕ್ಕ ಅಕ್ಷರ ಅಕ್ಷರವಾಗಿ ಹೇಳತೊಡಗಿದಳು. ಅರ್ಧಕ್ಕೆ ಅವರು ಸೋತು, "ಆಸ್ಟ್ರೇಲಿಯಾದ ಅಕ್ಕತಂಗಿಯರು" ಎಂದು ಬರೆದುಕೊಳ್ಳುತ್ತೇನೆ ಎಂದರು. ಬೆಳಗಿನ ತಿಂಡಿಗೆ ಹಂದಿಮಾಂಸದ ಬೇಕನ್ ತಿನ್ನುವುದಿಲ್ಲವೆಂದರೆ ಅಣಬೆ ಹುರಿದುಕೊಡುತ್ತೇನೆ ಎಂದೂ ಹೇಳಿದರು. ಎಲ್ಲ ಮುಗಿದ ಮೇಲೆ, "ಬೈ ಬೈ, ಮೈ ಲವರ್!" ಎಂದು ಫೋನ್ ಇಟ್ಟರು.

ಅಕ್ಕ ಫೋನ್ ಹಿಡಿದುಕೊಂಡೇ ನಿಂತಳು. ಮುಖವೆಲ್ಲ ಕೆಂಪು.

"ಏನೇ ಅಂದ್ಳು ಅವ್ಳು?"

ಆ ಕಡೆಯ ಹಳಬರು ಎಲ್ಲರನ್ನೂ ಪ್ರೀತಿಯಿಂದ ಹಾಗೇ ಕರೆಯುತ್ತಾರಂತೆ ಎಂದು ಭಾವ ವಿವರಿಸಲು ಹೊರಟರು, ಆದರೆ ನಗು ಬಂದು ಮಾತು ಮುಂದೆ ಹೋಗಲಿಲ್ಲ. ಅಕ್ಕ ಒಂದು ಕ್ಷಣ ನಮ್ಮನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಸೆರಗಿಲ್ಲದ್ದಕ್ಕೆ ಟೀ ಶರ್ಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡು, "ಇನ್ನೂ ಎರಡು ರಾತ್ರಿ ಜಾಸ್ತಿ ಬುಕ್ ಮಾಡ್ಬೇಕಿತ್ತು ಕಣೇ," ಎಂದಳು.